ಡಚ್ ಜೋಡುಪದಗಳು: ಮೊದಲು ಬೆಸುಗೆ, ಆಮೇಲೆ ಒತ್ತು

ನೆದರ್‌ಲ್ಯಾಂಡ್ಸಿನ ಆಮ್‌ಸ್ಟೆಲ್‌ವೇನ್‌ ಊರಿಗೆ ಬಂದು ಡಚ್ ಕಲಿಯಲು ಕೂತಾಗ ನನ್ನನ್ನು ಜಾಸ್ತಿ ಕಾಡಿದ್ದು ವ್ಯಾಕರಣವಲ್ಲ, ಉದ್ದುದ್ದ ಜೋಡುಪದಗಳು. ಆರೋಗ್ಯ ವಿಮೆಗೆ ‘ಜೋರ್ಖ್‌ವರ್‌ಜೇಕರಿಂಗ್’ ಅಂತ ಒಂದೇ ಪದ. ಇಂಥದ್ದನ್ನು ಎಲ್ಲಿ ಮುರಿಯುವುದು, ಯಾವ ಅಕ್ಷರವನ್ನು ಒತ್ತಿ ಹೇಳುವುದು?

ನಾನು ಪೆನ್ಸಿಲ್ ಹಿಡಿದು ಮೊದಲು ಬೆಸುಗೆ, ಅಂದರೆ ಎರಡು ಪದ ಸೇರಿದ ಜಾಗ, ಹುಡುಕುತ್ತೇನೆ. ‘ಜೋರ್ಖ್’ ಅಂದರೆ ಆರೈಕೆ, ‘ವರ್‌ಜೇಕರಿಂಗ್’ ಅಂದರೆ ವಿಮೆ. ನಡುವೆ ಒಂದು ಗೆರೆ. ‘ವರ್‌ಜೇಕರಿಂಗ್’ ಒಂಟಿಯಾಗಿದ್ದಾಗ ಒತ್ತು ‘ಜೇ’ ಮೇಲೆ. ಜೋಡಿಯಾದ ಕೂಡಲೇ ‘ಜೋರ್ಖ್’ ಮೇಲೇಳುತ್ತದೆ, ‘ಜೇ’ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಎಡಗಡೆಯ ಪದಕ್ಕೇ ಮುಖ್ಯ ಒತ್ತು.

ಹಾಗಂತ ಯಾವಾಗಲೂ ಮೊದಲ ಅಕ್ಷರಕ್ಕೇ ಅಲ್ಲ. ಎಡ ಪದಕ್ಕೆ ಒಂಟಿಯಾಗಿದ್ದಾಗ ಎಲ್ಲಿ ಒತ್ತು ಇತ್ತೋ ಅಲ್ಲೇ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇದೆ. ಡಚ್ ಕಾಗುಣಿತ ಒಂದೇ (massagebed), ಪದ ಎರಡು. ‘ಮಸಾಜೆ’ ಆದಮೇಲೆ ಗೆರೆ ಎಳೆದರೆ ‘ಮಸಾಜೆ-ಬೆಟ್’, ಮಸಾಜ್ ಮಾಡುವ ಹಾಸಿಗೆ. ಒತ್ತು ‘ಸಾ’ ಮೇಲೆ. ‘ಮಸಾ’ ಆದಮೇಲೆ ಎಳೆದರೆ ‘ಮಸಾ-ಖೆಬೆಟ್’, ಸಾಮೂಹಿಕ ಪ್ರಾರ್ಥನೆ. ಒತ್ತು ‘ಮ’ ಮೇಲೆ. ಗೆರೆ ಸರಿದರೆ ಒತ್ತೂ ಸರಿಯುತ್ತದೆ, ನಡುವಿನ ವ್ಯಂಜನದ ಸದ್ದೂ ಬೇರೆಯಾಗುತ್ತದೆ!

ಕನ್ನಡದ ನಾಲಿಗೆಗೆ ಇನ್ನೊಂದು ಅಭ್ಯಾಸ ಬೇಕು. ವ್ಯಂಜನದ ಮುಂದೆ ಸ್ವರ ಬಂದರೆ ನಾವು ಸುಮ್ನೆ ಸೇರಿಸಿಬಿಡುತ್ತೇವೆ, ಅಲ್ವಾ? ಡಚ್ಚಿನಲ್ಲಿ ‘ಆವೊಂಡೆನ್’ (ಸಂಜೆಗಳು) ಹಾಗೇ ಸೇರುತ್ತದೆ. ರಾತ್ರಿಯೂಟಕ್ಕೆ ಮಾತ್ರ ‘ಆವೊಂಟ್-ಏಟೆನ್’. ಬರೆಯುವುದು ಡ, ಆದರೆ ಅದು ಎಡ ಪದದ ಕೊನೆಯಲ್ಲಿರುವುದರಿಂದ ಟ ಅಂತಲೇ ಕೇಳಿಸುತ್ತದೆ. ನಾನು ಎರಡನ್ನೂ ಜೊತೆಜೊತೆಗೆ, ಒತ್ತಿರುವಲ್ಲಿ ಮೇಜು ತಟ್ಟುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ.

ಆಲೂಗಡ್ಡೆ ಈ ನಿಯಮಕ್ಕೆ ಬಗ್ಗುವುದಿಲ್ಲ. ಅದೂ ‘ನೆಲ’, ‘ಸೇಬು’ ಸೇರಿ ಆದ ಪದ. ಸಾಲಿನ ಕೊನೆಯಲ್ಲಿ ಮುರಿಯುವಾಗ ‘ಆರ್ಡ್-ಅಪ್-ಪೆಲ್’ ಅಂತ ಬೆಸುಗೆಯಲ್ಲೇ ಮುರಿಯಬೇಕು. ಬಾಯಲ್ಲಿ ಮಾತ್ರ ‘ಆರ್-ಡಪೆಲ್’, ಡ ಡಕಾರವಾಗಿಯೇ ಉಳಿಯುತ್ತದೆ. ಪದ ಹಳೆಯದಾಗಿ ಬೆಸುಗೆ ಸವೆದುಹೋಗಿದೆ. ಹಾಗಾಗಿ ಪದಪಟ್ಟಿಯ ಮುರಿತದ ಗುರುತನ್ನೇ ನಂಬಿ ಉಚ್ಚರಿಸಬೇಡಿ, ನಿಘಂಟಿನ ಧ್ವನಿಯನ್ನೂ ಕೇಳಿ.

ಒತ್ತಿನಲ್ಲೂ ತಪ್ಪಿಸಿಕೊಂಡವು ಇವೆ. ‘ಖೆಮೇಂಟೆಹಾಯ್ಸ್’ (ಪುರಸಭೆ ಕಟ್ಟಡ) ನಿಯಮದಂತೆ ಎಡಗಡೆ, ‘ಮೇ’ ಮೇಲೆ ಒತ್ತು ತಗೊಳ್ಳುತ್ತದೆ. ಹೆಚ್ಚುಕಡಿಮೆ ಅದೇ ಅರ್ಥದ ‘ಸ್ಟಟ್‌ಹಾಯ್ಸ್’ ಮಾತ್ರ ಬಲಗಡೆ, ‘ಹಾಯ್ಸ್’ ಮೇಲೆ. ಇಂಥವಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಬೇರೆ ಪುಟವೇ ಇದೆ.