ಹೊಲದ ದಾರಿಯಲ್ಲಿ ಕಣ್ಣು ಪಳಗಿಸುವುದು ಹೇಗೆ?

ಮೊದಲು ದಾರಿ ಆರಿಸಿಕೊಳ್ಳಿ. ವಾರಕ್ಕೊಂದು ಹೊಸ ಜಾಗ ಹುಡುಕುವ ಚಪಲ ಬೇಡ. ಊರಾಚೆಯ ಒಂದೇ ಕಾಲುದಾರಿ, ಹೆಚ್ಚೆಂದರೆ ಎರಡು ಕಿಲೋಮೀಟರ್, ಧಾರಾಳವಾಯಿತು. ಹೊಲ ಮುಗಿದು ಕುರುಚಲು ಶುರುವಾಗುವಲ್ಲಿ, ನೀರು ನೆಲ ಕೂಡುವಲ್ಲಿ ಜೀವಿಗಳ ಓಡಾಟ ಜಾಸ್ತಿ. ಹಾಗಾಗಿ ದಾರಿಯಲ್ಲೊಂದು ಹಳ್ಳವೋ ಕೆರೆಯಂಚೋ ಇರಲಿ. ಹದಿನೈದು ದಿನಕ್ಕೊಮ್ಮೆ ಅದನ್ನೇ ತುಳಿಯಿರಿ. ಕಳೆದ ಸಲ ಇಲ್ಲದ್ದು ಈ ಸಲ ಬಂದಿದೆ ಎಂದು ತಿಳಿಯುವುದು ಹಾಗೆಯೇ.

ಹಕ್ಕಿ ನೋಡಲು ಬೆಳಗಿನ ಮೊದಲ ಎರಡು ಗಂಟೆ. ಚಿಟ್ಟೆಗೆ ಆ ಅವಸರವಿಲ್ಲ, ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಅದು ಹಾರುವುದಿಲ್ಲ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 ನೋಡಿ: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 42 ಮಿಲಿಮೀಟರ್ ಅಗಲ. 12 ಪಟ್ಟಿನದು ಆಸೆ ಹುಟ್ಟಿಸುತ್ತದೆ ನಿಜ, ಆದರೆ ಕೈನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಇನ್ನು ನಡೆಯುವ ಬಗೆ. ಐವತ್ತು ಹೆಜ್ಜೆ ಹಾಕಿ, ನಿಂತುಬಿಡಿ. ಐದು ನಿಮಿಷ ಅಲ್ಲಾಡಬೇಡಿ. ಹೊಸಬರಿಗೆ ಕಷ್ಟವಾಗುವುದು ಇದೇ.

ಮಳೆಗಾಲದಲ್ಲಿ ಗೀಜಗನ ಗೂಡು ಹುಡುಕಿ. ನೀರಿನ ಮೇಲೆ ಬಾಗಿದ ಕೊಂಬೆ, ಮುಳ್ಳಿನ ಮರ ಅದಕ್ಕೆ ಇಷ್ಟ. ಹಳದಿ ಟೋಪಿಯ ಗಂಡು ಹುಲ್ಲಿನ ಎಸಳು ಸೀಳಿ ತಂದು ಹೆಣೆಯುತ್ತದೆ. ಗೂಡು ಅರ್ಧವಾಗಿ, ಬೋರಲು ಹಾಕಿದ ಬುಟ್ಟಿಯಂತೆ ಕಂಡಾಗ ಕೆಲಸ ನಿಲ್ಲಿಸಿ ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಪ್ಪಿದರೆ ಮಾತ್ರ ಕೊಳವೆಯಂಥ ಬಾಗಿಲು. ಕೊಂಬೆಯಲ್ಲಿ ಅರೆಗೂಡುಗಳೇ ತೂಗುತ್ತಿದ್ದರೆ ಅದು ಸೋಮಾರಿತನವಲ್ಲ, ಸಂಬಂಧ ಕುದುರಿಲ್ಲ ಅಷ್ಟೇ. ನೋಡುವುದೆಲ್ಲ ದೂರದಿಂದ. ಫೋಟೊಕ್ಕಾಗಿ ಕೊಂಬೆ ಬಗ್ಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಹಿಮಾಲಯದಿಂದಲೂ ಅದರಾಚೆಯಿಂದಲೂ ಬೂದು ಸಿಪಿಲೆ ಬಂದಿರುತ್ತದೆ. ಹಳ್ಳದ ಕಲ್ಲಿನ ಮೇಲೆ ಈ ಹಕ್ಕಿ ಸದಾ ಬಾಲ ಕುಣಿಸುತ್ತಿರುತ್ತದೆ. ಇಬ್ಬನಿ ಬಿದ್ದ ಬೆಳಿಗ್ಗೆ ಬೇಲಿ ನೋಡಿ: ಉಳಿದ ದಿನ ಕಣ್ಣಿಗೆ ಬೀಳದ ಜೇಡರ ಬಲೆಗಳೆಲ್ಲ ಬಯಲಾಗಿರುತ್ತವೆ.

ಮಳೆ ಬಿಟ್ಟು ಬಿಸಿಲು ಬಿದ್ದಾಗ ಹಳ್ಳದ ಹಸಿಮಣ್ಣಿನ ಬಳಿ ಕುಕ್ಕರಗಾಲಲ್ಲಿ ಕೂರಿ. ಚಿಟ್ಟೆಗಳು ಗುಂಪುಗೂಡಿ ಮಣ್ಣು ಹೀರುತ್ತಿರುತ್ತವೆ. ಬಹುಪಾಲು ಗಂಡುಗಳೇ. ಅವಕ್ಕೆ ಬೇಕಿರುವುದು ಉಪ್ಪಿನಂಶ. ಅದರಲ್ಲಿ ಒಂದು ಪಾಲು ಮಿಲನದಲ್ಲಿ ಹೆಣ್ಣಿಗೆ ದಾಟುತ್ತದೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಿರಲಿ, ಬಿದ್ದರೆ ಇಡೀ ಗುಂಪು ಎದ್ದುಬಿಡುತ್ತದೆ.

ಕತ್ತಲಾದ ಮೇಲೂ ಒಮ್ಮೆ ಅದೇ ದಾರಿಗೆ ಹೋಗಿ. ಗಟ್ಟಿ ಬೂಟು ಇರಲಿ, ಕಾಲಿಡುವ ಜಾಗಕ್ಕೆ ಬೆಳಕು ಬಿಟ್ಟು ಹೆಜ್ಜೆ ಇಡಿ, ಹಾವು ಇರುತ್ತವೆ. ನಿಂತು, ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಬದುವಿನ ಹುಲ್ಲಿಗೆ ಬೆಳಕು ಹರಿಸಿ. ಸಾಸಿವೆಗಿಂತ ಸಣ್ಣ ಹಸಿರು ಚುಕ್ಕಿಗಳು ಮಿನುಗುತ್ತವೆ. ಬಹಳ ದಿನ ನಾನು ಇಬ್ಬನಿ ಎಂದೇ ತಿಳಿದಿದ್ದೆ. ಒಂದು ಚುಕ್ಕಿಯನ್ನು ಬಿಡದೆ ನೋಡುತ್ತ ಹತ್ತಿರ ಹೋದರೆ, ಅದು ತೋಳಜೇಡದ ಕಣ್ಣು. ಅದೃಷ್ಟವಿದ್ದರೆ ಬೆನ್ನ ಮೇಲೆ ಮರಿಗಳ ರಾಶಿ ಹೊತ್ತ ತಾಯಿ.