ಪುಟದಲ್ಲಿ ಕಾಣುವುದು ಒಳಗೆ ಎಲ್ಲಿದೆ? ಸಿಎಂಎಸ್ ಬಿಚ್ಚಿ ನೋಡಿದ ಅನುಭವ

ಬೇರೆ ಯಾರೋ ಕಟ್ಟಿದ್ದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ವರ್ಡ್‌ಪ್ರೆಸ್ ಸೈಟ್, ಅಂದರೆ ಬ್ರೌಸರ್‌ನಲ್ಲೇ ಬರಹ, ಚಿತ್ರ ಹಾಕಿ ಸೈಟ್ ನಡೆಸುವ ತಂತ್ರಾಂಶದಲ್ಲಿ (ಸಿಎಂಎಸ್, ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಕಟ್ಟಿದ್ದು. ಮೊದಲ ಕೆಲಸ ತೀರಾ ಚಿಕ್ಕದು, ಪುಟದ ಕೆಳಗಿರುವ ಫೋನ್ ನಂಬರ್ ಬದಲಿಸಬೇಕು. ಲಾಗಿನ್ ಆಗಿ ಪೇಜಸ್‌ನಲ್ಲಿ ಹುಡುಕಿದೆ, ಇಲ್ಲ. ಪೋಸ್ಟ್ಸ್‌ನಲ್ಲೂ ಇಲ್ಲ. ಎಲ್ಲಾ ಪುಟದಲ್ಲೂ ಕಾಣುವ ನಂಬರ್ ಯಾವ ಪುಟದ ಒಳಗೂ ಇಲ್ಲ! ಕೊನೆಗೆ ಸಿಕ್ಕಿದ್ದು ವಿಜೆಟ್ಸ್ (ಪುಟಗಳ ಬದಿಯಲ್ಲೋ ಅಡಿಯಲ್ಲೋ ಕೂರಿಸುವ ಚಿಕ್ಕ ತುಣುಕುಗಳು) ಅನ್ನುವ ಕಡೆ, ಫುಟರ್ ಅಂದರೆ ಪುಟದ ಅಡಿಭಾಗದ ಜಾಗದಲ್ಲಿ.

ಕಣ್ಣಿಗೆ ಒಂದೇ ಪುಟವಾಗಿ ಕಾಣುವುದು ಒಳಗೆ ಎಷ್ಟು ಕಡೆ ಹಂಚಿಹೋಗಿದೆ? ಕಲಿಸುವ ವಿಡಿಯೊಗಳು ಇದನ್ನು ಹೇಳುವುದು ಕಡಿಮೆ. ಇಲ್ಲಿ ಒತ್ತಿ, ಅಲ್ಲಿ ಒತ್ತಿ ಅಂತ ಮೆನು ತೋರಿಸಿ ಮುಗಿಸುತ್ತವೆ. ಅದಕ್ಕೇ ಸೈಟ್‌ನ ಒಂದು ಕಾಪಿಯನ್ನು ನನ್ನ ಕಂಪ್ಯೂಟರ್‌ಗೆ ತಂದು ಬಿಚ್ಚಿ ನೋಡೋಣ ಅಂದುಕೊಂಡೆ.

ಕಾಪಿ ಮಾಡುವಾಗಲೇ ಅರ್ಧ ಪಾಠ ಆಯಿತು. ವರ್ಡ್‌ಪ್ರೆಸ್ ಸೈಟ್ ಅಂದರೆ ಫೈಲ್‌ಗಳ ಒಂದು ಫೋಲ್ಡರ್, ಜೊತೆಗೆ ಒಂದು ಡೇಟಾಬೇಸ್ (ಮಾಹಿತಿಯನ್ನು ಟೇಬಲ್, ಸಾಲು ಅಂತ ಜೋಡಿಸಿಡುವ ಜಾಗ). ಒಂದಿದ್ದು ಇನ್ನೊಂದಿಲ್ಲದಿದ್ದರೆ ಸೈಟ್ ಇಲ್ಲ. ಎರಡನ್ನೂ ಇಳಿಸಿಕೊಂಡು, ಕಾನ್ಫಿಗ್ ಫೈಲ್‌ನಲ್ಲಿ ಡೇಟಾಬೇಸ್ ಹೆಸರು, ಪಾಸ್‌ವರ್ಡ್ ಸರಿಪಡಿಸಿ ಬ್ರೌಸರ್‌ನಲ್ಲಿ ತೆರೆದೆ. ಅದು ಸೀದಾ ಅಸಲಿ ಸೈಟ್‌ಗೆ ಕರೆದುಕೊಂಡು ಹೋಯಿತು. ಯಾಕೆಂದರೆ ಸೈಟ್‌ನ ವಿಳಾಸವೂ ಡೇಟಾಬೇಸ್‌ನಲ್ಲೇ ಇರುತ್ತದೆ, ಆಪ್ಷನ್ಸ್ ಅನ್ನುವ ಟೇಬಲ್‌ನಲ್ಲಿ. ಸೈಟ್‌ಯುಆರ್‌ಎಲ್ ಮತ್ತು ಹೋಮ್ ಅಂತ ಎರಡು ಸಾಲು. ಅವನ್ನು ಬದಲಿಸಿದ ಮೇಲೆ ಕಾಪಿ ತನ್ನ ಜಾಗದಲ್ಲಿ ನಿಂತಿತು.

ಉಳಿದ ಕಡೆ ಹಳೇ ವಿಳಾಸ ಬದಲಿಸುವಾಗ ಮಾತ್ರ ಜೋಪಾನ. ಸುಮ್ನೆ ಹುಡುಕಿ ಬದಲಿಸಿದರೆ ಕೆಲವು ಸೆಟ್ಟಿಂಗ್ ಕೆಟ್ಟುಹೋಗುತ್ತವೆ. ಅಂಥ ಸೆಟ್ಟಿಂಗ್‌ಗಳಲ್ಲಿ ಪಠ್ಯದ ಪಕ್ಕದಲ್ಲೇ ಅದರ ಉದ್ದವನ್ನೂ ಬರೆದಿಟ್ಟಿರುತ್ತದೆ. ವಿಳಾಸ ಒಂದಕ್ಷರ ಗಿಡ್ಡವಾದರೂ ಲೆಕ್ಕ ತಪ್ಪಿ, ಆ ಸೆಟ್ಟಿಂಗ್ ಓದಲು ಬರುವುದಿಲ್ಲ. ಕಮಾಂಡ್ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸುವ ಡಬ್ಲ್ಯೂಪಿ-ಸಿಎಲ್ಐ ಅನ್ನುವ ಸಾಧನದ ಸರ್ಚ್-ರಿಪ್ಲೇಸ್ ಕಮಾಂಡ್ ಉದ್ದವನ್ನೂ ಸೇರಿಸಿ ಸರಿಮಾಡುತ್ತದೆ. ನಾನು ಅದನ್ನೇ ಬಳಸಿದೆ.

ಆಮೇಲೆ ಡೇಟಾಬೇಸ್ ತೆರೆದೆ. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್‌ನಲ್ಲಿ 12 ಟೇಬಲ್ ಇರುತ್ತವೆ, ಪ್ಲಗಿನ್‌ಗಳು (ಹೊಸ ಸೌಲಭ್ಯ ಕೊಡುವ ಸೇರ್ಪಡೆಗಳು) ತಮ್ಮದನ್ನು ಸೇರಿಸುತ್ತಾ ಹೋಗುತ್ತವೆ. ನಾನು ಜಾಸ್ತಿ ಹೊತ್ತು ಕೂತಿದ್ದು ಪೋಸ್ಟ್ಸ್ ಟೇಬಲ್ ಮುಂದೆ. ಲೇಖನ ಅಲ್ಲೇ, ಪುಟ ಅಲ್ಲೇ, ಚಿತ್ರಗಳ ವಿವರ ಅಲ್ಲೇ, ಮೆನುವಿನ ಒಂದೊಂದು ಸಾಲೂ ಅಲ್ಲೇ, ಹಿಂದೆ ಸೇವ್ ಮಾಡಿದ ಹಳೇ ಆವೃತ್ತಿಗಳೂ ಅಲ್ಲೇ. ಎಲ್ಲವೂ ಒಂದೇ ಟೇಬಲ್‌ನ ಸಾಲುಗಳು. ಯಾವುದು ಏನು ಅಂತ ಹೇಳುವುದು ಪೋಸ್ಟ್ ಟೈಪ್ ಅನ್ನುವ ಒಂದು ಕಾಲಂ, ಅಷ್ಟೇ. 2003ರಲ್ಲಿ ವರ್ಡ್‌ಪ್ರೆಸ್ ಶುರುವಾಗಿದ್ದು ಬ್ಲಾಗ್ ಬರೆಯೋಕೆ, ಅದಕ್ಕೇ ಎಲ್ಲಕ್ಕೂ ಪೋಸ್ಟ್ ಅನ್ನುವ ಹೆಸರು ಅಂಟಿಕೊಂಡಿದೆ. ವರ್ಗ ಮತ್ತು ಟ್ಯಾಗ್ ಬೇರೆ ಟೇಬಲ್‌ಗಳಲ್ಲಿವೆ. ಯಾವ ಪೋಸ್ಟ್ ಯಾವ ವರ್ಗಕ್ಕೆ ಸೇರಿದೆ ಅನ್ನುವ ಸಂಬಂಧಕ್ಕೆ ಇನ್ನೊಂದು.

ಚಿತ್ರಗಳದ್ದು ಸ್ವಲ್ಪ ತಮಾಷೆ. ಫೈಲ್ ಇರುವುದು ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ, ವರ್ಷ ಮತ್ತು ತಿಂಗಳ ಪ್ರಕಾರ. ಅದರ ಗುರುತು ಮಾತ್ರ ಡೇಟಾಬೇಸ್‌ನಲ್ಲಿ. ಬೇಕಂತಲೇ ಒಂದು ಚಿತ್ರವನ್ನು ಆ ಫೋಲ್ಡರ್‌ಗೆ ನೇರವಾಗಿ ಹಾಕಿ ನೋಡಿದೆ. ಮೀಡಿಯಾ ಲೈಬ್ರರಿಯಲ್ಲಿ ಅದು ಕಾಣಲೇ ಇಲ್ಲ. ಟೇಬಲ್‌ನಲ್ಲಿ ಸಾಲಿಲ್ಲದ ಚಿತ್ರ ಸಿಎಂಎಸ್ ಪಾಲಿಗೆ ಇಲ್ಲವೇ ಇಲ್ಲ.

ಮುಂದಿನದು ಥೀಮ್, ಅಂದರೆ ಸೈಟ್‌ನ ನೋಟ ನಿರ್ಧರಿಸುವ ಭಾಗ. ಕಾಪಿಯಲ್ಲಿ ಥೀಮ್ ಬದಲಿಸಿ, ಏನು ಉಳಿಯುತ್ತದೆ ಅಂತ ನೋಡಿದೆ. ಸಿಎಂಎಸ್ ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಬರಹ, ಚಿತ್ರ, ವರ್ಗ ಎಲ್ಲವೂ ಉಳಿದವು. ಬಣ್ಣ, ಅಕ್ಷರ, ಅಂಕಣಗಳ ಜೋಡಣೆ ಹೋಯಿತು. ಫೋನ್ ನಂಬರ್ ಇದ್ದ ವಿಜೆಟ್ ಹೊಸ ಥೀಮ್‌ನಲ್ಲಿ ಕೂರಲು ಜಾಗ ಸಿಗದೆ, ಬಳಕೆಯಲ್ಲಿಲ್ಲದ ವಿಜೆಟ್‌ಗಳ ಪಟ್ಟಿಗೆ ಸರಿದಿತ್ತು. ಹಳೇ ಥೀಮ್‌ಗೆ ವಾಪಸ್ ಬಂದಾಗ ಲೋಗೋ, ಬಣ್ಣ ಮೊದಲಿನಂತೆಯೇ ಬಂದವು, ಯಾಕೆಂದರೆ ಒಂದೊಂದು ಥೀಮ್‌ನ ಆಯ್ಕೆಗಳೂ ಆ ಥೀಮ್ ಹೆಸರಿನಲ್ಲಿ ಆಪ್ಷನ್ಸ್ ಟೇಬಲ್‌ನಲ್ಲಿ ಬೇರೆಬೇರೆಯಾಗಿ ಇರುತ್ತವೆ.

ಥೀಮ್ ಒಳಗಿರುವುದು ಮುಖ್ಯವಾಗಿ ಟೆಂಪ್ಲೇಟ್‌ಗಳು, ಅಂದರೆ ಬರಹ ತುಂಬಲು ಜಾಗ ಬಿಟ್ಟ ಅಚ್ಚುಗಳು. ಒಂದು ಲೇಖನಕ್ಕೆ ಸಿಂಗಲ್, ಪುಟಕ್ಕೆ ಪೇಜ್, ಪಟ್ಟಿಗೆ ಆರ್ಕೈವ್. ಯಾವುದೂ ಇಲ್ಲದಿದ್ದರೆ ಇಂಡೆಕ್ಸ್. ಯಾರಾದರೂ ವಿಳಾಸ ಒತ್ತಿದಾಗ ಸಿಎಂಎಸ್ ಡೇಟಾಬೇಸ್‌ನಿಂದ ಬರಹ ತೆಗೆದು, ಹೊಂದುವ ಟೆಂಪ್ಲೇಟ್ ಆರಿಸಿ, ಅದರಲ್ಲಿ ತುಂಬಿ ಕಳಿಸುತ್ತದೆ. ಅಂದರೆ ಆ ಪುಟ ಸರ್ವರ್‌ನಲ್ಲಿ ಒಂದು ಫೈಲ್ ಆಗಿ ಎಲ್ಲೂ ಕೂತಿಲ್ಲ, ಕೇಳಿದಾಗ ತಯಾರಾಗುತ್ತದೆ. (2022ರಲ್ಲಿ ಬಂದ ವರ್ಡ್‌ಪ್ರೆಸ್ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಿವೆ, ಅವುಗಳ ಅಚ್ಚನ್ನೂ ಬ್ರೌಸರ್‌ನಲ್ಲೇ ತಿದ್ದಬಹುದು. ಅವುಗಳ ಟೆಂಪ್ಲೇಟನ್ನು ಸೈಟ್ ಎಡಿಟರ್‌ನಲ್ಲಿ ತಿದ್ದಿದರೆ ಆ ತಿದ್ದುಪಡಿಯೂ ಅದೇ ಪೋಸ್ಟ್ಸ್ ಟೇಬಲ್‌ಗೆ ಹೋಗಿ ಕೂರುತ್ತದೆ. ಬರಹ ಮತ್ತು ಥೀಮ್ ನಡುವಿನ ಗೆರೆ ಈಗ ಮೊದಲಿನಷ್ಟು ಸ್ಪಷ್ಟ ಇಲ್ಲ.)

ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡಿದೆ. ಫಾರ್ಮ್ ಪ್ಲಗಿನ್ ಆಫ್ ಆದ ತಕ್ಷಣ ಸಂಪರ್ಕ ಪುಟದಲ್ಲಿ ಫಾರ್ಮ್ ಮಾಯ. ಆ ಜಾಗದಲ್ಲಿ ಚೌಕ ಕಂಸದೊಳಗೆ ಒಂದು ಸಾಲು ಹಾಗೇ ಕಾಣಿಸಿತು. ಅದು ಶಾರ್ಟ್‌ಕೋಡ್. ಬರಹದಲ್ಲಿ ಇದ್ದಿದ್ದು ಆ ಸಾಲು ಮಾತ್ರ, ಅದನ್ನು ಫಾರ್ಮ್ ಮಾಡುತ್ತಿದ್ದದ್ದು ಪ್ಲಗಿನ್.

ಇಷ್ಟು ನೋಡಿದ ಮೇಲೆ ಒಂದು ಕೆಲಸಕ್ಕೆ ಕೈಹಾಕುವ ಧೈರ್ಯ ಬಂತು. ಸೈಟ್‌ನಲ್ಲಿ ತರಬೇತಿಗಳ ಪುಟವೊಂದಿತ್ತು. ಒಂದೇ ಉದ್ದನೆಯ ಬರಹ, ದಿನಾಂಕ, ಜಾಗ, ಶುಲ್ಕ ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದರು. ಮನುಷ್ಯರು ಓದಬಹುದು, ಆದರೆ ಸಿಎಂಎಸ್‌ಗೆ ಅದರಲ್ಲಿ ದಿನಾಂಕ ಯಾವುದು ಅಂತ ಗೊತ್ತಾಗೋದು ಹೇಗೆ? ತರಬೇತಿ ಅಂತ ಒಂದು ಕಸ್ಟಮ್ ಪೋಸ್ಟ್ ಟೈಪ್ (ನಾವೇ ಸೇರಿಸುವ ಹೊಸ ಬಗೆಯ ಪೋಸ್ಟ್) ಮಾಡಿದೆ. ದಿನಾಂಕ, ಜಾಗ, ಶುಲ್ಕಕ್ಕೆ ಬೇರೆಬೇರೆ ಫೀಲ್ಡ್ ಕೊಟ್ಟೆ. ಫೀಲ್ಡ್‌ನಲ್ಲಿ ತುಂಬಿದ್ದು ಪೋಸ್ಟ್‌ಗಳ ಹೆಚ್ಚುವರಿ ವಿವರ ಇಡುವ ಪೋಸ್ಟ್‌ಮೆಟಾ ಟೇಬಲ್‌ಗೆ ಹೋಗುತ್ತದೆ. ಪಟ್ಟಿ ಆ ದಿನಾಂಕವನ್ನು ನೋಡುವ ಹಾಗೆ ಮಾಡಿದ ಮೇಲೆ ಈಗ ಅದು ದಿನಾಂಕದ ಪ್ರಕಾರ ತಾನೇ ಜೋಡಣೆಯಾಗುತ್ತದೆ, ಮುಗಿದ ತರಬೇತಿ ತಾನೇ ಉದುರುತ್ತದೆ. ಡ್ರುಪಾಲ್ ಅನ್ನುವ ಇನ್ನೊಂದು ಸಿಎಂಎಸ್‌ನಲ್ಲಿ ಹೀಗೆ ಕಂಟೆಂಟ್ ಟೈಪ್, ಫೀಲ್ಡ್ ಅಂತ ಯೋಚಿಸುವುದೇ ಮೊದಲ ಹೆಜ್ಜೆ. ವರ್ಡ್‌ಪ್ರೆಸ್ ಮಾತ್ರ ಖಾಲಿ ಹಾಳೆ ಕೊಟ್ಟು ಬರೀರಿ ಅನ್ನುತ್ತದೆ, ಅದಕ್ಕೇ ಎಲ್ಲರೂ ಎಲ್ಲವನ್ನೂ ಅದರಲ್ಲೇ ತುರುಕುತ್ತಾರೆ ಅಂತ ನನ್ನ ಅನಿಸಿಕೆ.

ಈ ಪೋಸ್ಟ್ ಟೈಪ್‌ನ ಕೋಡನ್ನು ಎಷ್ಟೋ ಜನ ಥೀಮ್‌ನ ಫಂಕ್ಷನ್ಸ್ ಫೈಲ್‌ನಲ್ಲಿ ಹಾಕುತ್ತಾರೆ. ನಾನು ಚಿಕ್ಕದೊಂದು ಪ್ಲಗಿನ್ ಮಾಡಿ ಅದರಲ್ಲಿಟ್ಟೆ. ಥೀಮ್‌ನಲ್ಲಿಟ್ಟಿದ್ದರೆ ಥೀಮ್ ಬದಲಾದ ದಿನ ತರಬೇತಿಗಳೆಲ್ಲ ಅಡ್ಮಿನ್ ಮೆನುವಿನಿಂದಲೇ ಕಾಣೆಯಾಗುತ್ತಿದ್ದವು. ಡೇಟಾಬೇಸ್‌ನಲ್ಲಿ ಸಾಲುಗಳು ಇರುತ್ತವೆ, ಆದರೆ ತೆರೆಯಲು ದಾರಿ ಇರುವುದಿಲ್ಲ.

ಕೊನೆಗೆ ಬಳಕೆದಾರರು. ಲಾಗಿನ್ ಇದ್ದ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿದ್ದರು! ತರಬೇತಿ ತುಂಬುವವರಿಗೆ ಎಡಿಟರ್ ಪಾತ್ರ ಸಾಕು. ಅವರು ಯಾವ ಬರಹವನ್ನಾದರೂ ತಿದ್ದಬಹುದು, ಪ್ರಕಟಿಸಬಹುದು. ಥೀಮ್, ಪ್ಲಗಿನ್ ಮುಟ್ಟುವ ಹಾಗಿಲ್ಲ. ಹಾಗೆ ಬದಲಿಸಿದೆ, ಯಾರೂ ದೂರು ಹೇಳಲಿಲ್ಲ. ಮೆನು ಕಡಿಮೆಯಾಗಿ ಹುಡುಕೋದು ಸುಲಭವಾಯಿತು ಅಂತಲೇ ಹೇಳಿದರು.