ಮುಂಬೈ ಸಿಸ್ಟರ್‌ಗೆ ಡಾಕ್ಟರೇಟ್: ಎಲ್ಲಿಂದ ಶುರು ಮಾಡಬೇಕು?

ಸಾಯನ್, ಪರೇಲ್, ಠಾಣೆಯ ಆಸ್ಪತ್ರೆಗಳಲ್ಲಿರುವ ನಮ್ಮ ಕನ್ನಡದ ಸಿಸ್ಟರ್‌ಗಳು ಆಗಾಗ ಕೇಳುತ್ತಾರೆ: "ಅಕ್ಕಾ, ಫ್ಯಾಮಿಲಿ ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಮಾಡಬೇಕು, ಫಾರ್ಮ್ ಎಲ್ಲಿ ಸಿಗುತ್ತೆ?" ಫಾರ್ಮ್ ಆಮೇಲೆ ನೋಡೋಣ. ಯಾವ ಡಾಕ್ಟರೇಟ್ ಅನ್ನುವುದು ಮೊದಲು ತೀರ್ಮಾನವಾಗಲಿ.

ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರ್ಯಾಕ್ಟೀಸ್) ಎಂಬುದು ಅಮೆರಿಕದಲ್ಲಿ ಬೆಳೆದ ಡಾಕ್ಟರೇಟ್ ಪದವಿ. ಅದನ್ನು ಓದಿ ಆಗಬಹುದಾದ ಫ್ಯಾಮಿಲಿ ನರ್ಸ್ ಪ್ರ್ಯಾಕ್ಟಿಷನರ್ ಅಲ್ಲಿ ಮಗುವಿನಿಂದ ಅಜ್ಜಿಯವರೆಗೆ ಮನೆಮಂದಿಯನ್ನೆಲ್ಲ ನೋಡುತ್ತಾರೆ, ಔಷಧಿಯನ್ನೂ ಬರೆಯುತ್ತಾರೆ. ಆ ದಾರಿ ಬೇಕಿದ್ದರೆ ಎನ್‌ಕ್ಲೆಕ್ಸ್ ಎಂಬ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಅಲ್ಲಿನ ಲೈಸೆನ್ಸ್ ಪಡೆಯಬೇಕು, ರೋಗಿಗಳ ಜತೆ ನೂರಾರು ಗಂಟೆ ಕೆಲಸ ಮಾಡಬೇಕು. ಮುಂಬೈನಲ್ಲಿ ಕೂತು ಆನ್‌ಲೈನ್‌ನಲ್ಲಿ ಮುಗಿಯುವ ಮಾತಲ್ಲ. ಹಾಗೆ ಮುಗಿಸಿಕೊಡುತ್ತೇವೆ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ನಮ್ಮಲ್ಲಿ 2016-17ರಿಂದ ಇರುವ ಕ್ರಿಟಿಕಲ್ ಕೇರ್ ನರ್ಸ್ ಪ್ರ್ಯಾಕ್ಟಿಷನರ್ ಕೋರ್ಸೂ ಡಾಕ್ಟರೇಟ್ ಅಲ್ಲ, ಸ್ನಾತಕೋತ್ತರ ಮಟ್ಟದ್ದು.

ಇಲ್ಲೇ ಇದ್ದು ಮಾಡುವುದಾದರೆ ನರ್ಸಿಂಗ್ ಪಿಎಚ್‌ಡಿ. ಎಂಎಸ್‌ಸಿಯಲ್ಲಿ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಓದಿದ್ದರೆ ಕುಟುಂಬದ ಆರೈಕೆಗೆ ಅದೇ ಹತ್ತಿರದ ವಿಷಯ. ಶೇ 55 ಅಂಕ ಬೇಕು. ನಾಸಿಕ್‌ನ ಎಂಯುಎಚ್‌ಎಸ್ (ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿವಿ), ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿವಿ ಎರಡರಲ್ಲೂ ವಿಚಾರಿಸಿ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿ ಮತ್ತು ಭಾರತೀಯ ನರ್ಸಿಂಗ್ ಕೌನ್ಸಿಲ್ ಸೇರಿ ನಡೆಸುವ ನರ್ಸಿಂಗ್ ಪಿಎಚ್‌ಡಿಯ ರಾಷ್ಟ್ರೀಯ ಕನ್ಸೋರ್ಟಿಯಂ (ಒಕ್ಕೂಟ) ಕೂಡ ಇದೆ.

ಕೆಲಸ ಬಿಡಬೇಕಾ? ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶವಿದೆ. ಆದರೆ ಆಸ್ಪತ್ರೆಯಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬೇಕು. ಓದಲು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿಯ ತರಗತಿ ಪಾಠಗಳಿಗೆ) ಬೇಕಾದರೆ ಬಿಡುವು ಕೊಡುತ್ತೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಸುಮ್ನೆ ಬಾಯಿಮಾತು ಸಾಲದು. ಮೆಟ್ರನ್ ಬದಲಾದರೆ ನೈಟ್ ಡ್ಯೂಟಿಯ ಲೆಕ್ಕವೂ ಬದಲಾಗುತ್ತದೆ. ಪಿಎಚ್‌ಡಿ ಮುಗಿಸಲು ಕನಿಷ್ಠ 3 ವರ್ಷ, ಹೆಚ್ಚೆಂದರೆ 6. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷದ ರಿಯಾಯಿತಿ, 240 ದಿನಗಳವರೆಗೆ ಹೆರಿಗೆ ಅಥವಾ ಮಗುವಿನ ಆರೈಕೆಯ ರಜೆ ಇದೆ. ಇದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಇನ್ನು ಸಂಶೋಧನೆಯ ಪ್ರಶ್ನೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಗೈಡ್ ಕೊಟ್ಟ ವಿಷಯಕ್ಕೆ ತಲೆಯಾಡಿಸಿ ಬರಬೇಡಿ. ನಿಮ್ಮ ಓಪಿಡಿಯನ್ನೇ ನೋಡಿ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಎಷ್ಟೊಂದು ಜನ, ಅಲ್ವಾ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವರು ನಡುವೆ ನಿಲ್ಲಿಸುವುದೇಕೆ? ದುಡ್ಡಿಲ್ಲವೆಂದೋ, ಮರಾಠಿಯಲ್ಲಿ ಹೇಳಿದ್ದು ತಿಳಿಯದೆಯೋ, ಅಡುಗೆ ಮಾಡುವ ಸೊಸೆಗೆ ಯಾರೂ ಏನೂ ಹೇಳಲಿಲ್ಲವೆಂದೋ? ಅವರ ಭಾಷೆ ಬಲ್ಲ ನರ್ಸ್‌ಗೆ ಇದನ್ನು ಕೇಳುವುದು ಸುಲಭ. ಬೇರೆಯವರಿಗೆ ದುಭಾಷಿ ಬೇಕಾದ ಕಡೆ ನೀವು ನೇರವಾಗಿ ಮನೆಯೊಳಗೆ ಹೋಗಿ ಕೂರಬಲ್ಲಿರಿ.

ಪ್ರಶ್ನೆ ಗಟ್ಟಿಯಾದ ಮೇಲೆ ಸಿನಾಪ್ಸಿಸ್ (ಸಂಶೋಧನೆಯ ಸಂಕ್ಷಿಪ್ತ ಯೋಜನೆ) ಬರೆಯಿರಿ, ಆಮೇಲೆ ಎಥಿಕ್ಸ್ ಕಮಿಟಿಯ (ನೈತಿಕತೆ ಸಮಿತಿಯ) ಒಪ್ಪಿಗೆ ಪಡೆಯಿರಿ. ಮಾಹಿತಿ ಕೊಡುವವರ ಒಪ್ಪಿಗೆ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಅಂದರೆ ಇಲ್ಲಿ ಕನ್ನಡದಲ್ಲಿ. ಬರೆದ ಮೇಲೆ ಓದು ಬಾರದ ಒಬ್ಬ ಅಜ್ಜಿಗೆ ಅದನ್ನು ಓದಿ ಹೇಳಿ. "ಅಂದ್ರ ಏನವ್ವಾ?" ಎಂದು ಅವರು ತಡೆದ ಕಡೆಯಲ್ಲೆಲ್ಲ ತಿದ್ದಿ ಬರೆಯಿರಿ.